ಎಂಟು ಚಕ್ರ, ಹದಿನಾರು ಬೇರಿಂಗ್

ಸ್ಕೇಟಿಂಗ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಅಮ್ಮನ ಕೈ ಹಿಡಿದು ಜಾರುವ ಪುಟ್ಟ ಮಕ್ಕಳು. "ಅದು ಚಿಕ್ಕ ಮಕ್ಕಳ ಆಟ ಅಲ್ವಾ? ಪಿಯುಸಿಗೆ ಬಂದ ಮೇಲೂ ಆಡ್ತೀಯಾ?" ಎಂದು ನನ್ನ ತರಗತಿಯಲ್ಲೇ ಎಷ್ಟೋ ಜನ ಕೇಳಿದ್ದಾರೆ. ಕಾರಿಡಾರಿನಲ್ಲಿ ನಿಂತು ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಆಡುವುದು ಇನ್‌ಲೈನ್ ಸ್ಪೀಡ್ ಸ್ಕೇಟಿಂಗ್. ಹಳೆಯ ಮಾದರಿಯ ಸ್ಕೇಟಿನಲ್ಲಿ ಕಾರಿನ ಹಾಗೆ ಮುಂದೆ ಎರಡು, ಹಿಂದೆ ಎರಡು ಚಕ್ರಗಳಿರುತ್ತವೆ. ಇನ್‌ಲೈನ್‌ನಲ್ಲಿ ಚಕ್ರಗಳು ಒಂದರ ಹಿಂದೆ ಒಂದು, ಒಂದೇ ಸಾಲಿನಲ್ಲಿ ಇರುತ್ತವೆ. ಇದು ಏಷ್ಯನ್ ಗೇಮ್ಸ್‌ನಲ್ಲಿ ಪದಕ ಕೊಟ್ಟಿರುವ ಕ್ರೀಡೆ. 2023ರ ಅಕ್ಟೋಬರ್ 2ರಂದು ಚೀನಾದ ಹಾಂಗ್‌ಝೌನಲ್ಲಿ 3000 ಮೀಟರ್ ರಿಲೇಯಲ್ಲಿ ಭಾರತದ ಮಹಿಳಾ ತಂಡವೂ ಪುರುಷರ ತಂಡವೂ ಕಂಚು ಗೆದ್ದವು. ಮಹಿಳಾ ತಂಡದಲ್ಲಿದ್ದವರು ಸಂಜನಾ ಬತುಲಾ, ಕಾರ್ತಿಕಾ ಜಗದೀಶ್ವರನ್, ಹೀರಲ್ ಸಾಧು ಮತ್ತು ಆರತಿ ಕಸ್ತೂರಿ ರಾಜ್. ಪುರುಷರ ತಂಡದಲ್ಲಿದ್ದ ಚೆನ್ನೈನ ಆನಂದ್‌ಕುಮಾರ್ ವೇಲ್‌ಕುಮಾರ್ 2025ರ ಸೆಪ್ಟೆಂಬರ್‌ನಲ್ಲಿ ಚೀನಾದ ಬೈದೈಹೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 1000 ಮೀಟರ್ ಸ್ಪ್ರಿಂಟನ್ನು 1 ನಿಮಿಷ 24.924 ಸೆಕೆಂಡಿನಲ್ಲಿ ಗೆದ್ದರು. ಹಿರಿಯರ ವಿಭಾಗದಲ್ಲಿ ಈ ಪಟ್ಟ ಗೆದ್ದ ಮೊದಲ ಭಾರತೀಯ ಅವರೇ. ಅದೇ ಕೂಟದಲ್ಲಿ 42 ಕಿಲೋಮೀಟರ್ ಮ್ಯಾರಥಾನ್ ಚಿನ್ನವನ್ನೂ ತಂದರು. ನಮ್ಮ ಬೆಂಗಳೂರಿನ ಧನುಷ್ ಬಾಬು ಕೂಡ ಇದೇ ಕ್ರೀಡೆಯಲ್ಲಿ ಭಾರತವನ್ನು ಪ್ರತಿನಿಧಿಸಿದವರು. ಆದ್ದರಿಂದ ಗೆಳತಿಯರೇ, ಇದು ಪಾರ್ಕಿಂಗ್ ಜಾಗದಲ್ಲೇ ಮುಗಿದುಹೋಗುವ ಆಟವಲ್ಲ.

ಆದರೆ ಈ ಆಟಕ್ಕೆ ಕಾಲು ಮಾತ್ರ ಇದ್ದರೆ ಸಾಲದು. ಓಟಕ್ಕೆ ಒಂದು ಜೊತೆ ಶೂ ಇದ್ದರೆ ಹೇಗೋ ನಡೆಯುತ್ತದೆ. ಸ್ಕೇಟಿಂಗ್‌ಗೆ ಬೂಟು, ಅದರ ಕೆಳಗೆ ಅಲ್ಯೂಮಿನಿಯಂ ಫ್ರೇಮ್, ನನ್ನ ಸ್ಕೇಟಿನ ಲೆಕ್ಕದಲ್ಲಿ ಎರಡೂ ಕಾಲಿಗೆ ಸೇರಿ ಎಂಟು ಚಕ್ರ, ಚಕ್ರಕ್ಕೆ ಎರಡರಂತೆ ಹದಿನಾರು ಬೇರಿಂಗ್, ಎಂಟು ಆಕ್ಸಲ್ ಬೇಕು. ಇವುಗಳಲ್ಲಿ ಒಂದು ಮುನಿಸಿಕೊಂಡರೂ ಸಾಕು, ಇಡೀ ರೇಸು ಕೆಡುತ್ತದೆ. ಒಳ್ಳೆಯ ಕಾರ್ಬನ್ ಬೂಟಿನ ಹೊಸ ಸೆಟ್‌ನ ಬೆಲೆ ನಮ್ಮ ಅಬ್ಬಾನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಹಾಗಾಗಿ ನನ್ನದು ಸೆಕೆಂಡ್ ಹ್ಯಾಂಡ್. ನಮ್ಮ ರಿಂಕಿನಲ್ಲಿದ್ದ ಅಕ್ಕ ಒಬ್ಬರು ನೀಟ್ ಓದಿಗಾಗಿ ಆಟ ಬಿಟ್ಟಾಗ ಕಂತಿನಲ್ಲಿ ಕೊಂಡದ್ದು.

ಕಳೆದ ವರ್ಷದ ಮಳೆಗಾಲದಲ್ಲಿ ಆ ಸ್ಕೇಟು ನನ್ನನ್ನು ಬಹಳ ಕಾಡಿತು. ಎಡಗಾಲಿನ ಎರಡು ಚಕ್ರಗಳು ಆಕ್ಸಲ್ ಬಿಗಿ ಮಾಡಿದರೆ ತಿರುಗುವುದೇ ಇಲ್ಲ, ಸಡಿಲ ಮಾಡಿದರೆ ಗಡಗಡ ಅಲುಗಾಡುತ್ತವೆ. ಬಲಗಾಲು ತಿರುವಿನಲ್ಲಿ ಒಳಗೆ ವಾಲುತ್ತದೆ. ಒಂದು ಅಂಗಡಿಯಲ್ಲಿ ತೋರಿಸಿದಾಗ "ಬೇರಿಂಗ್ ಎಲ್ಲಾ ಹೋಗಿದೆ, ಹದಿನಾರೂ ಬದಲಾಯಿಸಿ" ಎಂದರು. ಬದಲಾಯಿಸಿದೆವು. ಚಕ್ರ ಹಾಗೆಯೇ ಇತ್ತು. ಹೊಸ ಫ್ರೇಮ್ ಮತ್ತು ಚಕ್ರ ತೆಗೆದುಕೊಂಡರೆ ಒಳ್ಳೆಯದು ಎಂದು ಕೋಚ್ ಸರ್ ಹೇಳಿದರು. ಅದೇ ಹೊತ್ತಿಗೆ ನನ್ನ ಸಿಇಟಿ ಕೋಚಿಂಗ್ ಫೀಸಿನ ಕಂತೂ ಬಂದಿತ್ತು. ಅಮ್ಮಿ ನೇರವಾಗಿ ಹೇಳಿಬಿಟ್ಟರು: "ಎರಡರಲ್ಲಿ ಒಂದೇ ಆಗೋದು ಅಂದ್ರೆ ಓದು ಮೊದಲು." ಆ ಮಾತಿಗೆ ಎದುರು ಮಾತಿರಲಿಲ್ಲ. ಮನೆಯಲ್ಲಿ ಒಂದು ಒಪ್ಪಂದವಾಯಿತು. ಡಿಸೆಂಬರಿನ ಆಯ್ಕೆ ಸ್ಪರ್ಧೆಗೆ ಇರುವ ಸ್ಕೇಟಿನಲ್ಲೇ ಹೋಗುವುದು. ಮೊದಲ ಮೂರರಲ್ಲಿ ಬಂದರೆ ಪರೀಕ್ಷೆಯ ವರ್ಷವಾದರೂ ಮುಂದುವರಿಸುವುದು. ಇಲ್ಲದಿದ್ದರೆ ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಸ್ಕೇಟಿನ ಚೀಲ ಅಟ್ಟಕ್ಕೆ.

ಅಬ್ಬಾ ಪೀಣ್ಯ ಎರಡನೇ ಹಂತದ ಒಂದು ಶೆಡ್‌ನಲ್ಲಿ ಟರ್ನರ್. ಇಪ್ಪತ್ತು ವರ್ಷದಿಂದ ಲೇತ್ ಮುಂದೆ ನಿಂತವರು. ಸ್ಕೇಟಿಂಗ್ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ, ಆದರೆ ತಿರುಗುವ ವಸ್ತುಗಳ ಬಗ್ಗೆ ಎಲ್ಲಾ ಗೊತ್ತಿತ್ತು. ಒಂದು ರಾತ್ರಿ ಊಟವಾದ ಮೇಲೆ ನೆಲದ ಮೇಲೆ ಹಳೆಯ ಪೇಪರ್ ಹಾಸಿ ಎಲ್ಲವನ್ನೂ ಬಿಚ್ಚಿಟ್ಟರು. "ಬೇಟಾ, ಹೊಸದು ಕೊಳ್ಳೋದು ಆಮೇಲೆ. ಹಳೆಯದರಲ್ಲಿ ಏನು ಕೆಟ್ಟಿದೆ ಅಂತ ಮೊದಲು ಅಳೆದು ನೋಡೋಣ" ಎಂದರು.

ಬೇರಿಂಗ್ ನೋಡಿ ಅವರಿಗೆ ನಗು. "ಇದು 608. ನಮ್ಮ ಏರಿಯಾದಲ್ಲಿ ಯಾವ ಬೇರಿಂಗ್ ಅಂಗಡಿಗೆ ಹೋದರೂ ಸಿಗುತ್ತೆ." ನಿಜ. ಒಳರಂಧ್ರ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ಅಗಲ 7 ಮಿ.ಮೀ.; ಸಣ್ಣ ಮೋಟಾರುಗಳಲ್ಲಿ ಬರುವ ಅಳತೆಯೇ ಸ್ಕೇಟಿಗೂ. ಡಬ್ಬಿಯ ಮೇಲೆ ಎಬೆಕ್ 5, 7, 9 ಎಂದು ಬರೆದಿರುತ್ತದಲ್ಲ, ಸಂಖ್ಯೆ ದೊಡ್ಡದಾದಷ್ಟು ವೇಗ ಹೆಚ್ಚು ಎಂದು ನಮ್ಮ ರಿಂಕಿನ ಮಕ್ಕಳೆಲ್ಲ ನಂಬಿದ್ದಾರೆ. ಅದು ವೇಗದ ಸಂಖ್ಯೆಯಲ್ಲ. ಬೇರಿಂಗ್ ಎಷ್ಟು ಕರಾರುವಾಕ್ಕಾದ ಅಳತೆಯಲ್ಲಿ ತಯಾರಾಗಿದೆ ಎನ್ನುವುದರ ದರ್ಜೆ. ಒಳಗೆ ಧೂಳು ಕೂತರೆ 9 ಆದರೇನು, 1 ಆದರೇನು. ಅಬ್ಬಾ ನಮ್ಮ ಹಳೆಯ ಬೇರಿಂಗ್‌ಗಳನ್ನೇ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, ಅಮ್ಮಿಯ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೊಂದು ಹನಿ ಹಾಕಿದರು. ಅವು ಹೊಸದರಷ್ಟೇ ಚೆನ್ನಾಗಿ ತಿರುಗಿದವು.

ಹಾಗಾದರೆ ಚಕ್ರ ಹಿಡಿದುಕೊಳ್ಳುತ್ತಿದ್ದುದು ಯಾಕೆ? ಪ್ರತಿ ಚಕ್ರದ ಒಳಗೆ ಎರಡು ಬೇರಿಂಗ್‌ಗಳ ನಡುವೆ ಸ್ಪೇಸರ್ ಎಂಬ ಪುಟ್ಟ ಕೊಳವೆ ಇರುತ್ತದೆ. ಆಕ್ಸಲ್ ಬಿಗಿ ಮಾಡಿದಾಗ ಆ ಒತ್ತಡವನ್ನು ಅದು ಹೊರಬೇಕು. ಸ್ಪೇಸರ್ ಗಿಡ್ಡವಾದರೆ ಒತ್ತಡವೆಲ್ಲ ಬೇರಿಂಗಿನ ಒಳಬಳೆಯ ಮೇಲೆ ಅಡ್ಡಲಾಗಿ ಬಿದ್ದು ಗುಂಡುಗಳು ಸಿಕ್ಕಿಹಾಕಿಕೊಳ್ಳುತ್ತವೆ. ವರ್ನಿಯರ್ ಇಟ್ಟು ನೋಡಿದರೆ ನನ್ನ ಎಂಟು ಸ್ಪೇಸರ್‌ಗಳಲ್ಲಿ ಎರಡು ಉಳಿದವಕ್ಕಿಂತ 0.3 ಮಿ.ಮೀ. ಗಿಡ್ಡ. ಬೇರೆ ಯಾವುದೋ ಸ್ಕೇಟಿನವು ಬಂದು ಸೇರಿದ್ದವು. ಕಣ್ಣಿಗೆ ಕಾಣದ ಆ ಅಂತರಕ್ಕೆ ನಾವು ಹದಿನಾರು ಬೇರಿಂಗಿನ ದುಡ್ಡು ಕೊಟ್ಟಿದ್ದೆವು. ಮರುದಿನ ಅಬ್ಬಾ ಶೆಡ್ ಮಾಲೀಕರ ಒಪ್ಪಿಗೆ ಪಡೆದು, ಊಟದ ವಿರಾಮದಲ್ಲಿ ಅಲ್ಯೂಮಿನಿಯಂ ಸರಳಿನಿಂದ ಎಂಟು ಹೊಸ ಸ್ಪೇಸರ್ ತಿರುಗಿಸಿ ತಂದರು. ಎಂಟೂ ಒಂದೇ ಉದ್ದ. ಆವತ್ತು ಸಂಜೆ ಚಕ್ರ ಬಿಗಿ ಮಾಡಿ ಬೆರಳಿನಿಂದ ಒಮ್ಮೆ ತಳ್ಳಿದೆ. ಅದು ನಿಲ್ಲುವುದನ್ನು ಕಾಯುತ್ತಾ ತಮ್ಮ ಕೂಡ ಪಕ್ಕದಲ್ಲಿ ಕುಳಿತಿದ್ದ.

ಚಕ್ರಗಳದ್ದು ಇನ್ನೊಂದು ಕತೆ. ಎಲ್ಲದರ ಮೇಲೂ 110 ಮಿ.ಮೀ. ಎಂದು ಅಚ್ಚಾಗಿತ್ತು. ಅಳೆದರೆ ಒಂದು 109, ಇನ್ನೊಂದು 106. ಹೊಸ ಚಕ್ರ ಒಂದು ಸುತ್ತಿಗೆ ಸುಮಾರು 345 ಮಿ.ಮೀ. ಸಾಗುತ್ತದೆ, ಸವೆದ 106ರ ಚಕ್ರ 333 ಮಿ.ಮೀ. ಅಂದರೆ 1000 ಮೀಟರಿಗೆ ಹೊಸದು ಸುಮಾರು 2894 ಸುತ್ತು, ಹಳೆಯದು 3003 ಸುತ್ತು. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಒಂದೇ ಫ್ರೇಮಿನಲ್ಲಿ ಬೇರೆ ಬೇರೆ ಅಳತೆಯ ಚಕ್ರಗಳಿದ್ದರೆ ನಾಲ್ಕೂ ನೆಲ ಮುಟ್ಟುವುದಿಲ್ಲ. ಚಕ್ರಗಳು ಎಲ್ಲ ಕಡೆ ಸಮವಾಗಿಯೂ ಸವೆಯುವುದಿಲ್ಲ. ನಾವು ಕಾಲನ್ನು ಹೊರಕ್ಕೆ ತಳ್ಳುವಾಗ ಒಳಅಂಚಿನ ಮೇಲೆ ಭಾರ ಬೀಳುತ್ತದೆ. ರೇಸಿನಲ್ಲಿ ಯಾವಾಗಲೂ ಎಡಕ್ಕೇ ತಿರುಗುವುದರಿಂದ ಎಡಗಾಲಿನ ಸವೆತ ಬೇರೆ, ಬಲಗಾಲಿನದು ಬೇರೆ. ಅದಕ್ಕಾಗಿ ಆಗಾಗ ಚಕ್ರಗಳ ಜಾಗ ಬದಲಿಸಿ, ಒಳಬದಿ ಹೊರಗೆ ಬರುವಂತೆ ತಿರುಗಿಸಿ ಹಾಕಬೇಕು. ನಾನು ಪ್ರತಿ ಚಕ್ರಕ್ಕೂ ಮಾರ್ಕರಿನಲ್ಲಿ ನಂಬರ್ ಬರೆದು, ಪ್ರತಿ ಭಾನುವಾರದ ಅಳತೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಇಡತೊಡಗಿದೆ. ಅಳತೆ ಹತ್ತಿರವಿದ್ದ ನಾಲ್ಕು ಒಂದು ಕಾಲಿಗೆ, ಉಳಿದ ನಾಲ್ಕು ಇನ್ನೊಂದು ಕಾಲಿಗೆ. ತೀರಾ ಸವೆದಿದ್ದ ಎರಡನ್ನು ಮಾತ್ರ ಬದಲಾಯಿಸಿದೆವು.

ಬಲಗಾಲು ವಾಲುವುದಕ್ಕೆ ಕೋಚ್ ಸರ್ ಮದ್ದು ಕಂಡುಹಿಡಿದರು. ಬೂಟಿನ ಅಡಿಯ ಬೋಲ್ಟ್ ಸಡಿಲಿಸಿ ಫ್ರೇಮನ್ನು ಎರಡು ಮಿ.ಮೀ. ಒಳಗೆ ಸರಿಸಿದರು. ಎರಡೇ ಮಿ.ಮೀ., ಆದರೆ ಕಾಲಿನ ಕೆಳಗೆ ನೆಲವೇ ಬದಲಾದ ಹಾಗಾಯಿತು. ಇನ್ನು ಹೆಲ್ಮೆಟ್. ಅದರೊಳಗೆ ದಪ್ಪ ಸ್ಕಾರ್ಫ್ ಕಟ್ಟಿದರೆ ಹೆಲ್ಮೆಟ್ ತಲೆಯ ಮೇಲೆ ಕೂರುವುದಿಲ್ಲ, ಬಿದ್ದಾಗ ಜಾರುತ್ತದೆ. ಪಿನ್ನಂತೂ ಅಪಾಯ. ಅಮ್ಮಿ ಟೀ ಶರ್ಟಿನ ತೆಳು ಬಟ್ಟೆಯಲ್ಲಿ ಪಿನ್ ಬೇಡದ, ತಲೆಗೆ ಅಂಟಿದಂತೆ ಕೂರುವ ಟೋಪಿ ಹೊಲಿದುಕೊಟ್ಟರು. ನಮ್ಮ ರಿಂಕಿನ ಇನ್ನಿಬ್ಬರು ಹುಡುಗಿಯರಿಗೂ ಈಗ ಅದೇ ಅಳತೆಯದು ಹೊಲಿದಿದ್ದಾರೆ.

ಅಭ್ಯಾಸದ ಜಾಗವೂ ಒಂದು ಸಾಮಾನೇ ಎಂದು ಹೇಳಬೇಕು. ವಾರದಲ್ಲಿ ಎರಡು ದಿನ ರಿಂಕ್. ಭಾನುವಾರ ಫಜ್ರ್ ನಮಾಜ್ ಆದ ಮೇಲೆ ಪೀಣ್ಯದ ರಸ್ತೆ. ಆ ದಿನ ಹೆಚ್ಚಿನ ಶೆಡ್‌ಗಳಿಗೆ ರಜೆ, ಲಾರಿಗಳು ಕಡಿಮೆ. ನಾನು ಮುಂದೆ, ಅಬ್ಬಾ ಸ್ಕೂಟರಿನಲ್ಲಿ ಹಿಂದೆ. ಅಲ್ಲಿನ ಶತ್ರು ಗುಂಡಿಯಲ್ಲ, ಗುಂಡಿ ದೂರದಿಂದಲೇ ಕಾಣುತ್ತದೆ. ಲೇತ್‌ನಿಂದ ಉದುರಿ ಗಾಡಿಗಳಿಂದ ರಸ್ತೆಗೆ ಚೆಲ್ಲಿದ ಸುರುಳಿ ಸುರುಳಿ ಕಬ್ಬಿಣದ ಚೂರು ಕಾಣುವುದಿಲ್ಲ. ಅದು ಚಕ್ರಕ್ಕೆ ಚುಚ್ಚಿಕೊಂಡರೆ ಚಿಮಟದಲ್ಲಿ ಕೀಳಬೇಕು. "ಇದು ನಮ್ಮ ಶೆಡ್ಡಿಂದೇ ಇರಬೇಕು" ಎಂದು ಅಬ್ಬಾ ಪ್ರತಿ ಸಲ ನಗುತ್ತಾರೆ.

ಇನ್ನು ಮನಸ್ಸಿನ ವಿಷಯ. ಆರಂಭದ ಗೆರೆಯ ಹಿಂದೆ ನಿಂತಾಗ ಕಣ್ಣು ತಾನಾಗಿ ಪಕ್ಕದವರ ಕಾಲಿನ ಕಡೆ ಹೋಗುತ್ತದೆ. ಒಬ್ಬಳದು ಹೊಳೆಯುವ ಕಾರ್ಬನ್ ಬೂಟು, ಇನ್ನೊಬ್ಬಳದು ಮೂರು ದೊಡ್ಡ ಚಕ್ರದ 125 ಮಿ.ಮೀ. ಫ್ರೇಮ್. ಆ ಎರಡು ಸೆಕೆಂಡಿನಲ್ಲಿ ಮನಸ್ಸು ರೇಸನ್ನು ಸೋತು ಕುಳಿತರೆ ಕಾಲು ಏನು ಮಾಡೀತು? ಅದಕ್ಕೆ ಕೋಚ್ ಸರ್ ಹೇಳಿಕೊಟ್ಟದ್ದು ಮತ್ತು ನಾನೇ ರೂಢಿ ಮಾಡಿಕೊಂಡದ್ದು ಸೇರಿ ಕೆಲವು ಕ್ರಮಗಳಿವೆ.

ಮೊದಲನೆಯದು, ಸ್ಕೇಟಿನ ಚಿಂತೆಗೆ ಒಂದು ಸಮಯ ಗೊತ್ತುಮಾಡುವುದು. ಹಿಂದಿನ ರಾತ್ರಿ ಪಟ್ಟಿ ಹಿಡಿದು ಆಕ್ಸಲ್, ಬೋಲ್ಟ್, ಲೇಸ್, ಹೆಲ್ಮೆಟ್ ಪಟ್ಟಿ ಎಲ್ಲ ನೋಡುತ್ತೇನೆ. ಅಲೆನ್ ಕೀ ಚೀಲಕ್ಕೆ ಹೋಯಿತೆಂದರೆ ಸ್ಕೇಟಿನ ಯೋಚನೆಯೂ ಅದರ ಜೊತೆ ಚೀಲಕ್ಕೆ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಹದೀಸ್ ನಾವೆಲ್ಲ ಕೇಳಿದ್ದೇವೆ. ನನಗೆ ಅದರ ಅರ್ಥ ಬಿಡಿಸಿ ಹೇಳಿದ್ದು ಅಲೆನ್ ಕೀ. ಕಟ್ಟುವ ತನಕ ನಮ್ಮ ಕೆಲಸ. ಕಟ್ಟಿದ ಮೇಲೆ ರಾತ್ರಿಯಿಡೀ ಎದ್ದೆದ್ದು ಗಂಟು ಮುಟ್ಟಿ ನೋಡುವುದು ಭರವಸೆಯಲ್ಲ.

ಎರಡನೆಯದು, ರೇಸನ್ನು ತುಂಡು ಮಾಡುವುದು. 200 ಮೀಟರಿನ ಟ್ರ್ಯಾಕಿನಲ್ಲಿ 1000 ಮೀಟರ್ ಅಂದರೆ ಐದು ಸುತ್ತು. ಐದನ್ನೂ ಒಟ್ಟಿಗೆ ಯೋಚಿಸಿದರೆ ಉಸಿರು ಅಲ್ಲೇ ಕಟ್ಟುತ್ತದೆ. ಮೊದಲ ಸುತ್ತಿಗೆ ಒಂದೇ ಕೆಲಸ: ಒಳ್ಳೆಯ ಜಾಗ ಹಿಡಿಯುವುದು. ಎರಡು ಮತ್ತು ಮೂರರಲ್ಲಿ ಮುಂದಿನವಳ ಬೆನ್ನ ಹಿಂದೆ ಗಾಳಿಯ ಮರೆಯಲ್ಲಿ ಕೆಳಗೆ ಬಾಗಿ ಹೋಗುವುದು, ಶಕ್ತಿ ಉಳಿಸುವುದು. ನಾಲ್ಕರಲ್ಲಿ ಹೊರಗೆ ಬರುವುದು. ಐದರಲ್ಲಿ ಲೆಕ್ಕ ಬಿಟ್ಟು ಕಾಲು ತಳ್ಳುವುದು. ಪ್ರಶ್ನೆಪತ್ರಿಕೆಯನ್ನು ಭಾಗ ಭಾಗವಾಗಿ ಬರೆಯುತ್ತೇವಲ್ಲ, ಹಾಗೆ.

ಮೂರನೆಯದು, ಗೆರೆ ದಾಟುವ ತನಕ ರೇಸು ಮುಗಿಯಲಿಲ್ಲ ಎನ್ನುವುದು. ಇದಕ್ಕೆ ಹಾಂಗ್‌ಝೌನ ಅದೇ ಪುರುಷರ ರಿಲೇಗಿಂತ ಒಳ್ಳೆಯ ಪಾಠ ಇಲ್ಲ. ದಕ್ಷಿಣ ಕೊರಿಯಾದ ಕೊನೆಯ ಸ್ಕೇಟರ್ ಜಂಗ್ ಚಿಯೊಲ್-ವೊನ್ ಮುಂದಿದ್ದರು. ಗೆದ್ದೆವೆಂದು ಗೆರೆಗೆ ಮೊದಲೇ ಎದ್ದು ನಿಂತು ಕೈ ಮೇಲೆತ್ತಿದರು. ಹಿಂದಿದ್ದ ಚೈನೀಸ್ ತೈಪೆಯ ಹುವಾಂಗ್ ಯು-ಲಿನ್ ಕಾಲನ್ನು ಉದ್ದಕ್ಕೆ ಚಾಚಿದರು. ಅಂತರ 0.01 ಸೆಕೆಂಡ್. ಚಿನ್ನ ತೈಪೆಗೆ ಹೋಯಿತು. ಆ ವಿಡಿಯೋವನ್ನು ಕೋಚ್ ಸರ್ ನಮಗೆ ಎಷ್ಟು ಸಲ ತೋರಿಸಿದ್ದಾರೋ. ನೋಡಿದ ಪ್ರತಿ ಸಲವೂ ನನ್ನ ಕಾಲು ತಾನಾಗಿ ಮುಂದೆ ಚಾಚುತ್ತದೆ.

ನಾಲ್ಕನೆಯದು, ಒಂದು ದಿನದ ಜಾರುವಿಕೆಯನ್ನು ಇಡೀ ಬದುಕಿನ ತೀರ್ಪು ಎಂದುಕೊಳ್ಳದಿರುವುದು. ಅಮೆರಿಕದ ಎರಿನ್ ಜಾಕ್ಸನ್ ಮೊದಲು ನಮ್ಮ ಹಾಗೆ ಇನ್‌ಲೈನ್ ಸ್ಕೇಟರ್; ಎಂಜಿನಿಯರಿಂಗ್ ಓದಿದವರು. ಆಮೇಲೆ ಐಸ್ ಸ್ಕೇಟಿಂಗ್‌ಗೆ ಹೋದರು. 2022ರ ಜನವರಿಯ ಒಲಿಂಪಿಕ್ ಆಯ್ಕೆಯ 500 ಮೀಟರಿನಲ್ಲಿ ಕಾಲು ಜಾರಿ ಮೂರನೆಯವರಾದರು. ಮೊದಲನೆಯವರಾಗಿದ್ದ ಬ್ರಿಟನಿ ಬೋ ತಮ್ಮ ಸ್ಥಾನವನ್ನೇ ಇವರಿಗೆ ಬಿಟ್ಟುಕೊಟ್ಟರು. ಫೆಬ್ರವರಿಯಲ್ಲಿ ಬೀಜಿಂಗ್‌ನಲ್ಲಿ ಎರಿನ್ 37.04 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಜಾರಿದ್ದು ಅದೇ ಕಾಲು, ಗೆದ್ದದ್ದೂ ಅದೇ ಕಾಲು.

ಡಿಸೆಂಬರಿನ ಆಯ್ಕೆ ದಿನ ಬೆಳಿಗ್ಗೆ ಚಳಿ, ಟ್ರ್ಯಾಕ್ ಮೇಲೆ ಸಣ್ಣ ತೇವ. ಗೆರೆಯ ಹಿಂದೆ ನಿಂತಾಗ ಪಕ್ಕದವರ ಕಾಲು ನೋಡಲಿಲ್ಲ. ಐದು ಮೀಟರ್ ಮುಂದಿನ ನೆಲದ ಮೇಲೆ ಒಂದು ಬಿಳಿ ಚುಕ್ಕೆ ಇತ್ತು, ಅದನ್ನು ನೋಡಿದೆ. ಬಿಸ್ಮಿಲ್ಲಾ ಎಂದೆ. ಸೀಟಿಯಾಯಿತು. ಮೊದಲ ಸುತ್ತು ಮುಗಿದಾಗ ಆರನೆಯವಳಾಗಿದ್ದೆ. ಎರಡು ಮತ್ತು ಮೂರರಲ್ಲಿ ಸಾಲಿನೊಳಗೆ ಸೇರಿಕೊಂಡೆ. ಚಕ್ರದ ಸದ್ದು ಎಂಟರದೂ ಒಂದೇ ಶ್ರುತಿ, ಗಡಗಡ ಇಲ್ಲ. ನಾಲ್ಕರಲ್ಲಿ ಹೊರಗೆ ಬಂದು ಐದನೆಯವಳನ್ನು ದಾಟಿದೆ, ಕೊನೆಯ ತಿರುವಿನಲ್ಲಿ ನಾಲ್ಕನೆಯವಳನ್ನೂ. ಗೆರೆಯಲ್ಲಿ ಕಾಲು ಚಾಚಿದೆ. ನಾಲ್ಕನೇ ಸ್ಥಾನ. ಮೂರನೆಯವಳು ನನಗಿಂತ ಒಂದು ಸ್ಕೇಟಿನ ಉದ್ದ ಮುಂದಿದ್ದಳು.

ನನ್ನ ಹಿಂದಿನ ಅತ್ಯುತ್ತಮ ಸಮಯಕ್ಕಿಂತ ನಾಲ್ಕು ಸೆಕೆಂಡ್ ಕಡಿಮೆಯಾಗಿತ್ತು. ಆದರೆ ನಾಲ್ಕನೇ ಸ್ಥಾನ ನಾಲ್ಕನೆಯದೇ. ಮನೆಗೆ ಬರುವಾಗ ಮೆಟ್ರೋದಲ್ಲಿ ಅಳು ಬಂತು, ಅತ್ತೆ. ಅಬ್ಬಾ ಏನೂ ಹೇಳಲಿಲ್ಲ. ಜಾಲಹಳ್ಳಿ ನಿಲ್ದಾಣ ದಾಟಿದ ಮೇಲೆ ಒಂದೇ ಮಾತು ಕೇಳಿದರು: "ಎಲ್ಲಿ ಹೋಯ್ತು ಬೇಟಾ, ಆ ಒಂದು ಅಡಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಹೋದದ್ದು ಮೊದಲ ಐವತ್ತು ಮೀಟರಿನಲ್ಲಿ. ಸೀಟಿಯ ಮೇಲೆ ನನ್ನ ಮೊದಲ ಹೆಜ್ಜೆಗಳು ನಿಧಾನ, ಆಮೇಲಿನ ಸುತ್ತುಗಳಲ್ಲಿ ನಾನು ಅವರಿಗೆ ಸಮ. ಇದನ್ನು ಇಷ್ಟು ಖಚಿತವಾಗಿ ಹೇಳಲು ಆದದ್ದು ಯಾಕೆಂದು ಆಮೇಲೆ ಯೋಚಿಸಿದೆ. ಲ್ಯಾಬ್‌ನಲ್ಲಿ ಪ್ರಯೋಗ ಮಾಡುವಾಗ ಉಳಿದದ್ದೆಲ್ಲ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸಿ ನೋಡಿ ಎನ್ನುತ್ತಾರೆ. ಚಕ್ರ ಹಿಡಿದುಕೊಳ್ಳುತ್ತಿದ್ದ ದಿನಗಳಲ್ಲಿ ಸ್ಕೇಟು ಎಲ್ಲಿ ಮುಗಿಯಿತು, ನನ್ನ ಕಾಲು ಎಲ್ಲಿ ಶುರುವಾಯಿತು ಎಂದು ಯಾರಿಗೂ ಹೇಳಲು ಸಾಧ್ಯವಿರಲಿಲ್ಲ. ಸಾಮಾನು ಸರಿಯಾದ ಮಾತ್ರಕ್ಕೆ ಗೆಲುವು ಬರುವುದಿಲ್ಲ. ನಾವು ಎಷ್ಟು ಎನ್ನುವುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಕಂಡದ್ದು ನಾಲ್ಕನೇ ಸ್ಥಾನವಾದರೂ, ಅದರಿಂದ ಮುಂದಕ್ಕೆ ಹೋಗುವ ದಾರಿ ಗೊತ್ತಾಗುತ್ತದೆ.

ಒಪ್ಪಂದದಂತೆ ಚೀಲ ಅಟ್ಟಕ್ಕೆ ಹೋಗಿದೆ. ಇಡುವ ಮುಂಚೆ ಬೇರಿಂಗ್‌ಗಳಿಗೆ ಎಣ್ಣೆ ಹಾಕಿ, ಚಕ್ರಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಮೊದಲ ಹೆಜ್ಜೆಗಳಿಗೆ ಸ್ಕೇಟ್ ಬೇಡ. ಕಾಲೇಜು ಬಿಟ್ಟ ಮೇಲೆ ಹದಿನೈದು ನಿಮಿಷ ನಮ್ಮ ಹಿಂಬದಿಯ ಮೆಟ್ಟಿಲುಗಳ ಮೇಲೆ ಜಿಗಿತದ ಅಭ್ಯಾಸ ಮಾಡಲು ಪಿ.ಟಿ. ಸರ್ ಅನುಮತಿ ಕೊಟ್ಟಿದ್ದಾರೆ. ಅಲ್ಲಿ ಯಾರೋ ಕಪ್ಪೆಯ ಹಾಗೆ ಕುಪ್ಪಳಿಸುವುದು ಕಂಡರೆ ಅದು ನಾನೇ, ಗಾಬರಿ ಬೇಡ.

ಕೊನೆಗೆ ಪ್ರಥಮ ಪಿಯುಸಿಯವರಿಗೆ ಒಂದು ಮಾತು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ "ಕೆಟ್ಟುಹೋದ" ಸ್ಕೇಟ್ ಇದ್ದರೆ ಸ್ಕ್ರ್ಯಾಪಿಗೆ ಹಾಕಬೇಡಿ. ಅಬ್ಬಾ ಸ್ಪೇಸರಿನ ಅಳತೆ ಬರೆದುಕೊಟ್ಟ ಚಿತ್ರದ ಒಂದು ಪ್ರತಿಯನ್ನು ಪಿ.ಟಿ. ಸರ್ ಹತ್ತಿರ ಕೊಟ್ಟಿದ್ದೇನೆ. ವರ್ನಿಯರ್ ನಮ್ಮ ಫಿಸಿಕ್ಸ್ ಲ್ಯಾಬಿನಲ್ಲೇ ಇದೆ. ನಿಮ್ಮ ಮೊದಲ ಪ್ರಯೋಗಗಳಲ್ಲಿ ಒಂದು ಅದರದ್ದೇ. ಅದು 0.1 ಮಿ.ಮೀ. ತನಕ ಅಳೆಯುತ್ತದೆ. ನನ್ನ ಸ್ಕೇಟಿನ ತೊಂದರೆ ಇದ್ದದ್ದು 0.3ರಲ್ಲಿ.